ನಿಮ್ಮಪ್ಪ ದುಡಿದ ಕಾರ್ಖಾನೆಯ ಕತೆ ಯಾವ ಪುಸ್ತಕದಲ್ಲಿದೆ?



ಗೋಕಾಕ್ ಚಳವಳಿ ಯಾವ ವರ್ಷದ್ದು ಎಂದು ನಮ್ಮ ಹುಡುಗರನ್ನು ನಡುರಾತ್ರಿ ಎಬ್ಬಿಸಿ ಕೇಳಿ, ಕಣ್ಣುಜ್ಜುತ್ತಲೇ ಹೇಳುತ್ತಾರೆ: 1982. ಅಣ್ಣಾವ್ರು ಊರೂರು ಸುತ್ತಿದ್ದು, ಜನ ಸಾಗರದಂತೆ ಸೇರಿದ್ದು, ಎಲ್ಲ ಬಾಯಿಪಾಠ. ಹೆಮ್ಮೆಯ ವಿಷಯವೇ. ಈಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಅದಕ್ಕೂ ಮೊದಲು, 1980ರ ಡಿಸೆಂಬರ್ 26ರಿಂದ 1981ರ ಮಾರ್ಚ್ 12ರವರೆಗೆ, ಇದೇ ಬೆಂಗಳೂರಿನಲ್ಲಿ ಏನು ನಡೆಯಿತು?

ಗೊತ್ತಿಲ್ಲ, ಅಲ್ಲವೇ?

77 ದಿನಗಳ ಮುಷ್ಕರ ನಡೆಯಿತು. ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್, ಬಿಇಎಂಎಲ್ ಕಾರ್ಖಾನೆಗಳ ಲಕ್ಷಕ್ಕೂ ಮೀರಿದ ಕಾರ್ಮಿಕರು ಕೆಲಸ ನಿಲ್ಲಿಸಿ ಗೇಟಿನ ಹೊರಗೆ ನಿಂತರು. ಬಿಎಚ್‌ಇಎಲ್ ಕಾರ್ಮಿಕರಿಗೆ ಕೊಡುವಷ್ಟೇ ಸಂಬಳ ನಮಗೂ ಕೊಡಿ ಎಂಬುದು ಅವರ ಬೇಡಿಕೆ. ಎರಡೂವರೆ ತಿಂಗಳು ಸಂಬಳವಿಲ್ಲ. ಆ ಮನೆಗಳಲ್ಲಿ ಒಲೆ ಹೇಗೆ ಉರಿಯಿತು? ಯಾವ ದಿನಸಿ ಅಂಗಡಿಯವನು ಕಡ ಕೊಟ್ಟ, ಯಾವನು ಮುಖ ತಿರುಗಿಸಿದ? ಎಷ್ಟು ಜನರ ಬಳೆ, ಓಲೆ ಗಿರವಿ ಅಂಗಡಿ ಸೇರಿದವು? ಎಷ್ಟು ಮಕ್ಕಳ ಸ್ಕೂಲ್ ಫೀಸು ನಿಂತಿತು? ಮಾರನೇ ವರ್ಷ ಗೋಕಾಕ್ ಮೆರವಣಿಗೆಗಳಲ್ಲಿ ಇದೇ ಕಾರ್ಖಾನೆಗಳ ಕನ್ನಡ ಸಂಘಗಳವರೂ ಬಾವುಟ ಹಿಡಿದು ನಡೆದರು. ಆ ಬಾವುಟ ಹಿಡಿದ ಕೈ ಹಗಲೆಲ್ಲ ಯಾವ ಲೇತ್ ಮೇಲಿತ್ತು ಎಂದು ನಾವು ಯಾರೂ ಕೇಳಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಆ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ನಿಮ್ಮ ಮನೆ ಕಪಾಟಿನಲ್ಲಿ ಆ 77 ದಿನಗಳ ಬಗ್ಗೆ ಒಂದು ಕನ್ನಡ ಪುಸ್ತಕ ಇದೆಯೇ? ಎದ್ದು ಹೋಗಿ ನೋಡಿ ಬನ್ನಿ. ನಾನು ಕಾಯುತ್ತೇನೆ.

ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಕೂತವನು. ಇಪ್ಪತ್ತೈದು ವರ್ಷದಿಂದ ಕನ್ನಡದ ಅಕ್ಷರಗಳನ್ನು ಕಾಗದದ ಮೇಲೆ ಒತ್ತುತ್ತಿದ್ದೇನೆ. ನಮ್ಮ ಮೆಷಿನ್ನಿನ ಮೇಲೆ ಏನು ಓಡುತ್ತದೆ, ಏನು ಓಡುವುದಿಲ್ಲ ಎಂಬುದಷ್ಟೇ ನನ್ನ ವಿದ್ಯೆ. ಕವನ ಸಂಕಲನ ಓಡುತ್ತದೆ. ಅಭಿನಂದನ ಗ್ರಂಥ ಓಡುತ್ತದೆ. ಜಾತಕ, ವಾಸ್ತು, ‘ಮೂವತ್ತು ದಿನಗಳಲ್ಲಿ ಶ್ರೀಮಂತರಾಗಿ’ ಥರದ್ದು ಚೆನ್ನಾಗಿಯೇ ಓಡುತ್ತದೆ. ಪರೀಕ್ಷೆಯ ಗೈಡು ಓಡುವುದಿಲ್ಲ, ಹಾರುತ್ತದೆ! ಆದರೆ ‘ನಾನು ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದೆ, ಅದರ ಕತೆ ಬರೆದಿದ್ದೇನೆ, ಅಚ್ಚು ಹಾಕಿಕೊಡಿ’ ಎಂದು ಒಬ್ಬ ಮನುಷ್ಯ ನಮ್ಮ ಪ್ರೆಸ್ಸಿನ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಅಂಥವರು ಬರುತ್ತಾರೆ, ಆದರೆ ಮಗಳ ಲಗ್ನಪತ್ರಿಕೆ ಮಾಡಿಸಲು ಬರುತ್ತಾರೆ. ‘ನನ್ನದೇನು ದೊಡ್ಡ ಕತೆ ಬಿಡಿ ಸ್ವಾಮಿ’ ಅನ್ನುತ್ತಾರೆ.

ಹಾಗಾದರೆ ಯಾರೂ ಬರೆದಿಲ್ಲವೇ? ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಬೆಂಗಳೂರಿನ ಮಿಲ್ಲು, ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರ ಬಗ್ಗೆ ಜಾನಕಿ ನಾಯರ್ 1998ರಲ್ಲಿ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಎಂಬ ಗ್ರಂಥ ತಂದರು. 2005ರಲ್ಲಿ ಬೆಂಗಳೂರಿನ ಇಪ್ಪತ್ತನೇ ಶತಮಾನದ ಮೇಲೆ ಇನ್ನೊಂದು ದಪ್ಪ ಪುಸ್ತಕ ತಂದರು. ಐಟಿಐ ಕಾರ್ಖಾನೆಯ ಬಗ್ಗೆ ದಿಲೀಪ್ ಸುಬ್ರಮಣಿಯನ್ 2010ರಲ್ಲಿ ಬರೆದರು. ಅದಕ್ಕೂ ಹಿಂದೆ 1970ರಲ್ಲಿ ಫಜ್ಲುಲ್ ಹಸನ್ ಬೆಂಗಳೂರಿನ ಶತಮಾನಗಳ ಚರಿತ್ರೆ ಬರೆದರು. ಎಲ್ಲವೂ ಇಂಗ್ಲಿಷ್. ಅವರನ್ನು ದೂರುತ್ತಿಲ್ಲ. ವರ್ಷಗಟ್ಟಲೆ ದಫ್ತರದ ಧೂಳು ಕುಡಿದು ಬರೆದವರಿಗೆ ಕೈ ಮುಗಿಯಬೇಕು. ಆದರೆ ಯಾರ ಬೆವರಿನ ಲೆಕ್ಕ ಆ ಪುಟಗಳಲ್ಲಿದೆಯೋ ಅವನು ಅದನ್ನು ಓದಲಾರ. ಅವನ ಮಗನಿಗೆ ಓದಲು ಬಂದರೂ ಆ ಬೆಲೆಗೆ ಕೊಳ್ಳಲಾರ.

ಇದರಲ್ಲಿ ನನಗೆ ಬಹಳ ಕಾಡುವುದು ಎಂ.ಎನ್. ಶ್ರೀನಿವಾಸ್ ಅವರ ಕತೆ. ಮೈಸೂರಿನವರೇ. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಹೋಗಿ ಉಳಿದರು. ಪುಸ್ತಕದಲ್ಲಿ ಆ ಹಳ್ಳಿಗೆ ರಾಮಪುರ ಎಂದು ಹೆಸರಿಟ್ಟಿದ್ದಾರೆ. ಉಳುವುದು, ಬಿತ್ತುವುದು, ಜಗಳ, ಪಂಚಾಯ್ತಿ, ಸಾಲ, ಮದುವೆ ಎಲ್ಲವನ್ನೂ ಗುರುತು ಹಾಕಿಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಕಿಡಿಗೇಡಿಗಳು ಬೆಂಕಿ ಇಟ್ಟರು, ಆ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದವು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಈ ಮನುಷ್ಯ ನೆನಪಿನಿಂದಲೇ ಇಡೀ ಹಳ್ಳಿಯನ್ನು ಬರೆದು 1976ರಲ್ಲಿ ಪುಸ್ತಕ ಮಾಡಿದರು. ಪ್ರಪಂಚವೇ ಅದನ್ನು ಓದಿತು. ಆ ಹಳ್ಳಿಯ ಗೌಡ, ಕುಂಬಾರ, ಅಗಸ ಎಲ್ಲರೂ ಅವರೊಡನೆ ಆಡಿದ್ದು ಕನ್ನಡ. ಅಚ್ಚಾಗಿ ಬಂದದ್ದು ಇಂಗ್ಲಿಷ್. ನಮ್ಮ ಮಾತು ಅಲ್ಲಿಗೆ ಹೋಗಿ, ಬೇರೆ ಬಟ್ಟೆ ತೊಟ್ಟುಕೊಂಡು, ಹೊರಗಿನವರ ಸರಕಾಗಿ ನಮ್ಮ ಬಳಿಗೆ ವಾಪಸು ಬರಬೇಕು. ಇದೊಂದು ವಿಪರ್ಯಾಸ.

ಇಷ್ಟು ಓದಿದ ಮೇಲೆ ‘ಕನ್ನಡದಲ್ಲಿ ಏನೂ ಇಲ್ಲ ಬಿಡಿ ಸಾರ್, ಬರೀ ಕತೆ ಕಾದಂಬರಿ’ ಅನ್ನುವವರು ಇದ್ದಾರೆ. ಅವರಿಗೆ ನಾನು ಕೇಳುವುದು ಒಂದೇ: ನೀವು ಎಲ್ಲಿ ಹುಡುಕಿದಿರಿ?

ಬಿ.ಜಿ.ಎಲ್. ಸ್ವಾಮಿ ಅವರ ಹೆಸರು ಕೇಳಿದ್ದೀರಾ? ಡಿ.ವಿ.ಜಿ. ಅವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಶಿಷ್ಯರನ್ನು ಕಟ್ಟಿಕೊಂಡು ಕಾಡು ಸುತ್ತಿದ್ದನ್ನು, ಗಿಡ ಹುಡುಕಿದ್ದನ್ನು, ಹುಡುಗರ ತರಲೆಗಳನ್ನು ಸೇರಿಸಿ ‘ಹಸುರು ಹೊನ್ನು’ ಬರೆದರು. ಚಿತ್ರಗಳನ್ನೂ ತಾವೇ ಬಿಡಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಕಾದಂಬರಿಯಲ್ಲ, ಕವಿತೆಯಲ್ಲ. ಒಬ್ಬ ಮೇಷ್ಟ್ರು ತನ್ನ ಕೆಲಸದ ಬಗ್ಗೆ ಬರೆದ ಪುಸ್ತಕ! ಮದರಾಸಿನಲ್ಲಿ ಸಂಬಳ ಎಣಿಸುತ್ತಿದ್ದವರು ಬರೆಯಲು ಕೂತಾಗ ಕನ್ನಡದಲ್ಲಿ ಬರೆದರು ಎಂಬುದನ್ನೂ ಗಮನಿಸಿ.

ಅವರದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಇನ್ನೂ ಮಜಾ. ಬೆಳಿಗ್ಗೆ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತೀರಲ್ಲ, ಅದರೊಳಗಿನ ಆಲೂಗಡ್ಡೆ ನಮ್ಮದಲ್ಲ. ಒಳಗೆ ಸವರಿದ ಕೆಂಪು ಚಟ್ನಿಯ ಮೆಣಸಿನಕಾಯಿಯೂ ನಮ್ಮದಲ್ಲ. ಟೊಮೇಟೊ, ಕಡಲೆಕಾಯಿ, ಸೀಬೆಹಣ್ಣು, ಪರಂಗಿಹಣ್ಣು, ಎಲ್ಲ ಸಮುದ್ರ ದಾಟಿ ಬಂದವು. ಪೋರ್ಚುಗೀಸರು ಬರುವ ಮುನ್ನ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು. ಹೊಸದಾಗಿ ಬಂದ ಕಾಯಿಗೆ ನಮ್ಮ ಜನ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಮಾಡಿ ತಮ್ಮದಾಗಿಸಿಕೊಂಡರು. ಬಳ್ಳಾರಿಯ ಮಿರ್ಚಿ, ಬ್ಯಾಡಗಿಯ ಬಣ್ಣ ಎಂದು ಜಂಬ ಕೊಚ್ಚುವ ನಮಗೆ ಈ ಚರಿತ್ರೆ ಗೊತ್ತಿರಬೇಡವೇ? ಸಾಮಾನ್ಯ ಜನರ ಚರಿತ್ರೆ ಅಂದರೆ ಇದು. ತಟ್ಟೆಯಿಂದ ಶುರುವಾಗಿ ಹಡಗಿನವರೆಗೆ ಹೋಗುತ್ತದೆ.

ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿ. ಮಾಗಡಿ ಬಳಿಯ ಮಂಚನಬೆಲೆಯಿಂದ ನಮ್ಮ ಶ್ರೀರಾಮಪುರದ ಕೇರಿಗೆ ಬಂದ ಹುಡುಗನ ಕತೆ. ಎತ್ತು ಇರಬೇಕಾದ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಅಪ್ಪನನ್ನು ಕಂಡ ಮಗ ಬರೆದದ್ದು ಅದು. ಆದರೂ ಪುಟ ಪುಟಕ್ಕೂ ನಗಿಸುತ್ತಾರೆ. ನಕ್ಕು ಮುಗಿದ ಮೇಲೆ ಗಂಟಲು ಕಟ್ಟುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರದು, ತೆಳ್ಳಗಿನ ಪುಸ್ತಕ, ಒಂದೇ ರಾತ್ರಿಗೆ ಮುಗಿಯುತ್ತದೆ, ನಿದ್ದೆ ಮಾತ್ರ ಬರುವುದಿಲ್ಲ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ ಇದೆ. ನಾಟಕ ಕಂಪನಿ ಎಂದರೆ ಬಣ್ಣ, ಹಾಡು ಅಂದುಕೊಂಡವರು ಅದನ್ನು ಓದಿದರೆ ಅದೂ ಒಂದು ಕಾರ್ಖಾನೆಯೇ ಎಂಬುದು ಗೊತ್ತಾಗುತ್ತದೆ. ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಎಂಟು ಸಂಪುಟ ತಂದಿಟ್ಟಿದ್ದಾರೆ. ಹೊರದೇಶದಿಂದ ಬಂದವರು ನಮ್ಮ ಪೇಟೆ, ನಮ್ಮ ಊಟ, ನಮ್ಮ ಬೀದಿಗಳನ್ನು ಕಂಡು ಏನು ಬರೆದರು ಎಂಬುದು ಕನ್ನಡದಲ್ಲೇ ಸಿಗುತ್ತದೆ.

ಅಂದರೆ ಬೇರು ಇದೆ. ಹಳ್ಳಿಯ ಬಗ್ಗೆ ಇದೆ, ಕೇರಿಯ ಬಗ್ಗೆ ಇದೆ, ಕಾಡಿನ ಬಗ್ಗೆ ತೇಜಸ್ವಿ ಬರೆದದ್ದು ಬೇಕಾದಷ್ಟಿದೆ. ಕಪಾಟು ತೀರಾ ಬಡವಾಗಿರುವುದು ಪಟ್ಟಣದ ದುಡಿಮೆಯ ವಿಷಯದಲ್ಲಿ. ಕಾರ್ಖಾನೆ, ಮಿಲ್ಲು, ಗಾರ್ಮೆಂಟ್ಸು, ಗ್ಯಾರೇಜು, ಹೋಟೆಲು, ಬಸ್ ಡಿಪೋ. ಅಂದರೆ ನೀವು ಹುಟ್ಟಿ ಬೆಳೆದ ಜಗತ್ತು.

ಚರಿತ್ರೆ ಎಂದರೆ ನಮಗೆ ರಾಜರು. ಇದಕ್ಕೂ ಕಾರಣವಿದೆ. 1917ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಬರೆದಾಗ ಕನ್ನಡಿಗ ಹರಿದು ಹಂಚಿಹೋಗಿದ್ದ. ಮುಂಬಯಿ ಪ್ರಾಂತದಲ್ಲಿ ಒಂದು ತುಂಡು, ಮದರಾಸಿನಲ್ಲಿ ಒಂದು ತುಂಡು, ನಿಜಾಮರ ಕೈಯಲ್ಲೊಂದು, ಮೈಸೂರೊಂದು, ಕೊಡಗೊಂದು. ‘ನೀನೂ ಆಳಿದವನು ಕಣಯ್ಯಾ’ ಎಂದು ಅವನ ಬೆನ್ನು ತಟ್ಟಬೇಕಿತ್ತು, ಆಲೂರರು ತಟ್ಟಿದರು. ಆ ಕಾಲಕ್ಕೆ ಅದು ಔಷಧಿ. ನೂರು ವರ್ಷ ಕಳೆದ ಮೇಲೂ ನಾವು ಅದೇ ಬಾಟಲಿಯನ್ನು ಅಲ್ಲಾಡಿಸುತ್ತಿದ್ದೇವೆ! ಪ್ರತಿ ನವೆಂಬರಿನಲ್ಲೂ ನಮ್ಮ ಪ್ರೆಸ್ಸಿಗೆ ಬರುವ ಬ್ಯಾನರಿನ ಮೇಲೆ ಅದೇ ಇಮ್ಮಡಿ ಪುಲಿಕೇಶಿ, ಅದೇ ಹರ್ಷನ ಸೋಲು. ಕ್ರಿ.ಶ. 634ರ ಐಹೊಳೆ ಶಾಸನ ಬರೆದ ರವಿಕೀರ್ತಿಯ ಹೆಸರು ಕೇಳಿದರೆ ಬ್ಯಾನರ್ ಮಾಡಿಸಲು ಬಂದವರು ತಲೆ ಕೆರೆಯುತ್ತಾರೆ. ಆ ಅಕ್ಷರಗಳನ್ನು ಕಲ್ಲಿನಲ್ಲಿ ಕಡೆದ ಕೈಯನ್ನಂತೂ ಕೇಳುವವರೇ ಇಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ವಾಸಿ. 1117ರಲ್ಲಿ ವಿಷ್ಣುವರ್ಧನನ ಕಾಲದ ಬೇಲೂರಿನ ಗುಡಿ ಇದೆಯಲ್ಲ, ಅಲ್ಲಿ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಕೆಲಸಗಾರ ತನ್ನ ಕೆಲಸಕ್ಕೆ ಹಾಕಿದ ಸಹಿ ಅದು. ವಚನಕಾರರನ್ನೇ ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಹೆಸರಿಗೆ ಮೊದಲು ಕಸುಬು! ಬಟ್ಟೆ ಒಗೆಯುವವನು, ದೋಣಿ ನಡೆಸುವವನು, ಬುಟ್ಟಿ ಹೆಣೆಯುವವನು, ಹಗ್ಗ ಹೊಸೆಯುವವನು, ಚೆಲ್ಲಿದ ಅಕ್ಕಿ ಆಯುವವಳು ಕನ್ನಡ ಬರೆದರು. ಎಂಟು ಶತಮಾನಗಳ ಹಿಂದೆ ಇದ್ದ ಆ ಧೈರ್ಯ ಈಗ ‘ನನ್ನದೇನು ದೊಡ್ಡ ಕತೆ ಬಿಡಿ’ ಎಂಬಲ್ಲಿಗೆ ಬಂದು ನಿಂತಿದೆ.

ನನ್ನ ಕಸುಬಿನ ಮಾತನ್ನೇ ಹೇಳುತ್ತೇನೆ. 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರಬಂತು, ಕನ್ನಡದ ಮೊದಲ ಪತ್ರಿಕೆ. ತಂದವರು ಹರ್ಮನ್ ಮೊಗ್ಲಿಂಗ್. ಅವರ ನೆನಪಿಗೆ ಪತ್ರಿಕಾ ದಿನ ಮಾಡುತ್ತೇವೆ, ಭಾಷಣ ಬಿಗಿಯುತ್ತೇವೆ. ಅದು ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ. ಆ ಕಲ್ಲನ್ನು ಉಜ್ಜಿ ನಯ ಮಾಡಿದವರು, ಮಸಿ ಬಳಿದವರು, ಹಾಳೆ ಎತ್ತಿ ಒಣಗಹಾಕಿದವರು ಯಾರು? 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಯಿತು. ಸಾವಿರಾರು ಪದ, ಒಂದೇ ಪುಟದಲ್ಲಿ ಕನ್ನಡದ ಮೊಳೆ, ಇಂಗ್ಲಿಷ್ ಮೊಳೆ. ಮೊಳೆ ಜೋಡಿಸಿದವನ ಪಾಡು ಏನಾಗಿರಬಹುದು ಎಂದು ಈ ಕಸುಬಿನಲ್ಲಿರುವವನು ಮಾತ್ರ ಊಹಿಸಬಲ್ಲ.

ಮೊಳೆ ಎಂದರೆ ಗೋಡೆಗೆ ಹೊಡೆಯುವ ಮೊಳೆ ಅಲ್ಲ ತಮ್ಮಂದಿರೇ, ಅಚ್ಚಿನ ಮೊಳೆ. ಸೀಸದ್ದು. ಒಂದೊಂದು ಅಕ್ಷರಕ್ಕೆ ಒಂದೊಂದು. ನಾನು ಹುಡುಗನಾಗಿದ್ದಾಗ ನಮ್ಮ ಪ್ರೆಸ್ಸಿನಲ್ಲಿ ಒಬ್ಬರು ಹಿರಿಯ ಕಂಪೋಸಿಟರ್ ಇದ್ದರು. ಇಂಗ್ಲಿಷಿಗಿಂತ ಕನ್ನಡಕ್ಕೆ ಖಾನೆಗಳು ಎಷ್ಟೋ ಪಟ್ಟು ಹೆಚ್ಚು. ಕಾಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ಅವರು ಕಣ್ಣನ್ನು ಹಸ್ತಪ್ರತಿಯಿಂದ ಎತ್ತದೆ ಕೈಯಿಂದಲೇ ಖಾನೆ ಹುಡುಕುತ್ತಿದ್ದರು. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಅವರು ಆ ಉಲ್ಟಾ ಸಾಲನ್ನು ಪೇಪರು ಓದುವಷ್ಟೇ ಸಲೀಸಾಗಿ ಓದುತ್ತಿದ್ದರು. ಲೇಖಕರ ತಪ್ಪನ್ನು ಪ್ರೂಫಿಗೆ ಮುಂಚೆಯೇ ಹಿಡಿದು, ‘ಇವರು ಎಂಎ ಅಂತೆ, ಶ ಷ ಗೊತ್ತಿಲ್ಲ’ ಎಂದು ಗೊಣಗುತ್ತಿದ್ದರು. ಸಂಜೆ ಎಲ್ಲರಿಗೂ ಒಂದೊಂದು ಬಾಳೆಹಣ್ಣು, ತುಂಡು ಬೆಲ್ಲ. ಸೀಸದ ವಿಷ ಅದರಿಂದ ಇಳಿಯುತ್ತದೆ ಎಂಬ ನಂಬಿಕೆ. ಇಳಿಯುತ್ತಿತ್ತೋ ಇಲ್ಲವೋ, ಕೆಮ್ಮು ಮಾತ್ರ ಅವರನ್ನು ಬಿಡಲಿಲ್ಲ. ಡಿಟಿಪಿ ಬಂತು. ಮೊಳೆಗಳು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋದವು. ಅವರು ಊರಿಗೆ ಹೋದರು, ಅಲ್ಲೇ ತೀರಿಕೊಂಡರು. ಯಾವ ಖಾನೆಯಲ್ಲಿ ಯಾವ ಒತ್ತು, ಸಾಲು ಉದ್ದವಾದರೆ ಎಲ್ಲಿ ಕತ್ತರಿಸಬೇಕು, ಮೊಳೆ ಸವೆದಿದ್ದು ಬೆರಳಿಗೆ ಹೇಗೆ ಗೊತ್ತಾಗುತ್ತದೆ, ಇವೆಲ್ಲ ಅವರ ಜತೆಗೇ ಹೋದವು. ಅವರು ಜೋಡಿಸಿದ ಪುಸ್ತಕಗಳು ನೂರಾರಿವೆ. ಅವರ ಬಗ್ಗೆ ಎರಡು ಪುಟವಿಲ್ಲ.

ಇದು ಒಂದು ಪ್ರೆಸ್ಸಿನ ಮಾತು. ಇಡೀ ಊರನ್ನೇ ನೋಡಿ. ಬಿನ್ನಿ ಮಿಲ್ಲು 1884ರಲ್ಲಿ ಶುರುವಾಯಿತು. ಈಗ ಅಲ್ಲಿ ಆಕಾಶ ಮುಟ್ಟುವ ಅಪಾರ್ಟ್‌ಮೆಂಟು, ಮಾಲು. ಮಲ್ಲೇಶ್ವರದಲ್ಲಿ ರಾಜಾ ಮಿಲ್ಲು ಇದ್ದ ಜಾಗದಲ್ಲಿ ನೀವು ಸಿನಿಮಾ ನೋಡುತ್ತೀರಿ. ಕಿರ್ಲೋಸ್ಕರ್ ಕಾರ್ಖಾನೆಯ ನೆಲದ ಮೇಲೆ ಇನ್ನೊಂದು ಮಾಲು. ಎಚ್‌ಎಂಟಿ ವಾಚು ಕಟ್ಟಿಕೊಂಡು ಮದುವೆಯಾದವರು ನಿಮ್ಮ ಮನೆಯಲ್ಲೇ ಇದ್ದಾರೆ. ಆ ವಾಚು ಕಂಪನಿಗೆ ಬಾಗಿಲು ಹಾಕುವುದೆಂದು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗು ಕೂಡಿಸುತ್ತಿದ್ದ ಹೆಣ್ಣುಮಕ್ಕಳು ಈಗ ಅಜ್ಜಿಯರಾಗಿದ್ದಾರೆ. ಇನ್ನು ಹತ್ತು ವರ್ಷ ಬಿಟ್ಟು ಕೇಳುತ್ತೇವೆ ಎಂದರೆ ಹೇಳಲು ಅವರಲ್ಲಿ ಎಷ್ಟು ಜನ ಇರುತ್ತಾರೆ?

ಹಳೆಯದು ಬೇಡ, ನಿನ್ನೆ ಮೊನ್ನೆಯದೇ ತೆಗೆದುಕೊಳ್ಳಿ. 2016ರ ಏಪ್ರಿಲ್ 18, 19. ಪಿ.ಎಫ್. ಹಣ ತೆಗೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿ ಮಾಡಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ದೊಡ್ಡ ನಾಯಕರು ಕರೆ ಕೊಟ್ಟದ್ದಲ್ಲ, ತಾವೇ ಇಳಿದರು. ಹೊಸೂರು ರಸ್ತೆ ನಿಂತುಹೋಯಿತು. ಲಾಠಿ ಬಿತ್ತು. ಎರಡನೇ ದಿನ ದೆಹಲಿ ಮಣಿಯಿತು, ನಿಯಮ ವಾಪಸಾಯಿತು. ಮಂಡ್ಯ, ರಾಮನಗರ, ತುಮಕೂರು ಕಡೆಯ ಹಳ್ಳಿಗಳಿಂದ ಬಂದ ಕನ್ನಡದ ಹೆಣ್ಣುಮಕ್ಕಳು ದೆಹಲಿಯನ್ನು ಎರಡೇ ದಿನದಲ್ಲಿ ಮಣಿಸಿದರು! ಇಂಥದ್ದು ಬೇರೆ ಯಾವ ದೇಶದಲ್ಲಾದರೂ ನಡೆದಿದ್ದರೆ ಅಲ್ಲಿಯ ಪುಸ್ತಕದಂಗಡಿಯಲ್ಲಿ ಅದಕ್ಕೇ ಒಂದು ಸಾಲು ಇರುತ್ತಿತ್ತು. ನಮ್ಮಲ್ಲಿ ‘ಟ್ರಾಫಿಕ್ ಜಾಮ್’ ಎಂದು ಸುದ್ದಿಯಾಯಿತು.

ಅಮೆರಿಕದ ಶಿಕಾಗೋದಲ್ಲಿ ಸ್ಟಡ್ಸ್ ಟರ್ಕೆಲ್ ಎಂಬ ರೇಡಿಯೋದವನಿದ್ದ. ಟೇಪ್ ರೆಕಾರ್ಡರ್ ಹಿಡಿದು ಊರೂರು ತಿರುಗಿ, ನೂರಕ್ಕೂ ಹೆಚ್ಚು ಜನರನ್ನು ‘ದಿನವೆಲ್ಲ ನೀನು ಏನು ಮಾಡುತ್ತೀಯ, ಅದು ನಿನಗೆ ಹೇಗನ್ನಿಸುತ್ತದೆ’ ಎಂದು ಕೇಳಿದ. ಉಕ್ಕಿನ ಕಾರ್ಖಾನೆಯವನು, ಗುಂಡಿ ತೋಡುವವನು, ಹೋಟೆಲಿನಲ್ಲಿ ಬಡಿಸುವವಳು, ಟೆಲಿಫೋನಿನವಳು, ಪುಸ್ತಕಕ್ಕೆ ರಟ್ಟು ಕಟ್ಟುವವಳೂ ಇದ್ದಾಳೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಅಚ್ಚು ಹಾಕಿದ. 1974ರಲ್ಲಿ ‘ವರ್ಕಿಂಗ್’ ಎಂಬ ಹೆಸರಿನಲ್ಲಿ ಬಂತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಾನೂ ಅದನ್ನು ಓದಿದೆ. ದೊಡ್ಡ ಸಿದ್ಧಾಂತ ಏನಿಲ್ಲ. ಮನುಷ್ಯರು ಮಾತಾಡುತ್ತಾರೆ, ಅಷ್ಟೇ. ಆದರೆ ಮುಗಿಸಿ ಎದ್ದಾಗ ನಮ್ಮ ಬೈಂಡಿಂಗ್ ಹೆಂಗಸರ ಮುಖವನ್ನು ನಾನು ಬೇರೆ ಥರ ನೋಡಿದೆ. ಅವನ ಕೈಯಲ್ಲಿ ಟೇಪ್ ರೆಕಾರ್ಡರ್ ಇತ್ತು. ನಿಮ್ಮ ಜೇಬಿನಲ್ಲಿರುವ ಫೋನಿನಲ್ಲಿ ಅದಕ್ಕಿಂತ ಚೆನ್ನಾದ ರೆಕಾರ್ಡರ್ ಇದೆ, ರೀಲ್ಸ್ ನೋಡಲು ಸವೆಯುತ್ತಿದೆ.

ನಿಮ್ಮಪ್ಪನ ಮುಂದೆ ಕೂತು ‘ನಿಮ್ಮ ಜೀವನದ ಬಗ್ಗೆ ಹೇಳಿ’ ಅಂದರೆ ಅವರು ಬಾಯಿ ಬಿಡುವುದಿಲ್ಲ. ಸಣ್ಣದನ್ನು ಕೇಳಿ. ಮೊದಲ ಸಂಬಳ ಎಷ್ಟು, ಅದರಲ್ಲಿ ಮೊದಲು ಏನು ಕೊಂಡಿರಿ? ಪಾಳಿಗೆ ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಯಾವ ಬಸ್ಸು? ಡಬ್ಬಿಯಲ್ಲಿ ಏನಿರುತ್ತಿತ್ತು? ಆ ಮೆಷಿನ್ನಿಗೆ ನೀವು ನಿಮ್ಮೊಳಗೆ ಏನಂತ ಕರೆಯುತ್ತಿದ್ದಿರಿ? ಬೆರಳು ಹೋದವರು ಯಾರು, ಕಂಪನಿ ಏನು ಕೊಟ್ಟಿತು? ಮುಷ್ಕರದ ದಿನ ಅಮ್ಮ ಏನಂದಳು? ಅಮ್ಮನನ್ನೂ ಬೇರೆಯಾಗಿ ಕೇಳಿ, ಉತ್ತರ ಬೇರೆ ಇರುತ್ತದೆ. ಅವರ ಮಾತನ್ನು ‘ಶುದ್ಧ’ ಮಾಡಲು ಹೋಗಬೇಡಿ. ‘ಫೋರ್‌ಮನ್ನು ಉಗಿದ’ ಅಂದರೆ ಉಗಿದ ಎಂದೇ ಬರೆಯಿರಿ, ‘ಮೇಲ್ವಿಚಾರಕರು ಆಕ್ಷೇಪ ವ್ಯಕ್ತಪಡಿಸಿದರು’ ಎಂದು ಮಾಡಿದರೆ ಹೆಣ ಸಿಂಗರಿಸಿದ ಹಾಗೆ.

ಇನ್ನೊಂದು ಮಾತು. ಈ ಪತ್ರಿಕೆಯ ಕೆಲವು ಓದುಗರಿಗೆ ಇದು ಹಿಡಿಸದೆ ಇರಬಹುದು. ಮಿಲ್ಲಿನ ಸಾಲಿನಲ್ಲಿ ತಮಿಳರಿದ್ದರು, ತೆಲುಗರಿದ್ದರು, ಉರ್ದು ಮಾತಾಡುವವರಿದ್ದರು. ಒಂದೇ ಮಗ್ಗದ 1 ಪಾಳಿ ನಮ್ಮವನದು, ಮುಂದಿನ ಪಾಳಿ ಅವನದು. ಅವರನ್ನು ಬಿಟ್ಟು ಬರೆದರೆ ಅದು ಸುಳ್ಳು ಚರಿತ್ರೆ. ಅವರ ಕತೆಯೂ ಬರಲಿ, ಕನ್ನಡದಲ್ಲಿ ಬರಲಿ. ಪಕ್ಕದ ಮನೆಯ ಅಯ್ಯ ತನ್ನ ಮೂವತ್ತು ವರ್ಷದ ದುಡಿಮೆಯನ್ನು ಕನ್ನಡದಲ್ಲಿ ಓದುವಂತಾದರೆ ನೂರು ಬೋರ್ಡಿಗೆ ಮಸಿ ಬಳಿದದ್ದಕ್ಕಿಂತ ಅದು ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ.

ಪುಸ್ತಕಕ್ಕೆ ದುಡ್ಡೆಲ್ಲಿ ಅನ್ನುತ್ತೀರಾ? ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಕೇಳಿ. ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದೆ. 1965ರ ಗ್ರಂಥಾಲಯ ಕಾಯ್ದೆಯ ಕರ ಅದು, ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6. ನೀವು ಆಗಲೇ ದುಡ್ಡು ಕಟ್ಟಿದ್ದೀರಿ ಸ್ವಾಮಿ! ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಒಳಗೆ ಎಷ್ಟು ಸಲ ಹೋಗಿದ್ದೀರಿ? ಹೊರಗೆ ನಿಂತು ಫೋಟೋ ತೆಗೆಸಿಕೊಂಡದ್ದು ಲೆಕ್ಕಕ್ಕಿಲ್ಲ. ನಿಮ್ಮ ವಾರ್ಡಿನ ಲೈಬ್ರರಿಗೆ ಹೋಗಿ ‘ಹಸುರು ಹೊನ್ನು’ ಕೇಳಿ, ‘ಊರು ಕೇರಿ’ ಕೇಳಿ. ಇಲ್ಲ ಎಂದರೆ ಬರೆದು ಕೊಟ್ಟು ತರಿಸಿ ಎನ್ನಿ. ನಮ್ಮ ಹುಡುಗರು ಮನವಿ ಪತ್ರ ಕೊಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಪುಸ್ತಕಕ್ಕಾಗಿಯೂ ಒಂದು ಕೊಡಿ.

ಇನ್ನು ನನ್ನ ಕಡೆಯಿಂದ. ನವೆಂಬರಿನ ಸ್ಮರಣ ಸಂಚಿಕೆಗಳನ್ನು ನಾನು ನೂರಾರು ಅಚ್ಚು ಹಾಕಿದ್ದೇನೆ. ಮೊದಲ ಹತ್ತು ಪುಟ ಶುಭಾಶಯ, ಕೈ ಮುಗಿದ ಫೋಟೋಗಳು. ಆಮೇಲೆ ಹಲ್ಮಿಡಿ ಶಾಸನದ ಮೇಲೆ ಹೋದ ವರ್ಷದ ಲೇಖನವೇ ಹೊಸ ಹೆಸರಿನಲ್ಲಿ. ಉಳಿದದ್ದು ಬಾರು, ಬಿಲ್ಡರು, ಬಟ್ಟೆ ಅಂಗಡಿಯ ಜಾಹೀರಾತು. ಡಿಸೆಂಬರ್ ಹೊತ್ತಿಗೆ ಅದರಲ್ಲಿ ಕಡಲೆಪುರಿ ಕಟ್ಟುತ್ತಾರೆ. ಈ ಸಲ ಒಂದು ಸಂಘವಾದರೂ ಬೇರೆ ಕೆಲಸ ಮಾಡಿ. ನಿಮ್ಮ ಬೀದಿಯ ಹತ್ತು ಜನ ದುಡಿದವರನ್ನು ಹಿಡಿಯಿರಿ. ಮಿಲ್ಲಿನವರು ಇಬ್ಬರು, ಗಾರ್ಮೆಂಟ್ಸಿನ ಅಕ್ಕ ಒಬ್ಬಳು, ಬಸ್ ಕಂಡಕ್ಟರ್, ಹೋಟೆಲಿನ ಭಟ್ಟರು, ಪೌರಕಾರ್ಮಿಕರು, ಊದುಬತ್ತಿ ಹೊಸೆಯುವ ಅಮ್ಮ, ಯಾರಾದರೂ ಸರಿ. ಒಬ್ಬೊಬ್ಬರದು ಐದಾರು ಪುಟ. ಡೆಮಿ ಸೈಜು, ನಾಲ್ಕು ಫಾರಂ, 64 ಪುಟ, 500 ಪ್ರತಿ. ಕಾಗದ, ಪ್ಲೇಟು, ರಟ್ಟಿನ ಖರ್ಚು ನಿಮ್ಮದು. ಅಚ್ಚಿನ ಕೂಲಿ ನಾನು ತೆಗೆದುಕೊಳ್ಳುವುದಿಲ್ಲ. ಪ್ರೂಫು ನಾನೇ ನೋಡುತ್ತೇನೆ, ಶ ಷ ತಪ್ಪಿದರೆ ಬೈಸಿಕೊಳ್ಳಲು ತಯಾರಾಗಿ ಬನ್ನಿ. ಶುಭಾಶಯದ ಪುಟ ಮಾತ್ರ ಒಂದೂ ಇರಕೂಡದು.

ಹಸ್ತಪ್ರತಿ ಸೆಪ್ಟೆಂಬರ್ ಮುಗಿಯುವುದರೊಳಗೆ ನನ್ನ ಕೈ ಸೇರಬೇಕು. ಅಕ್ಟೋಬರಿನಲ್ಲಿ ಬ್ಯಾನರು, ಕರಪತ್ರದವರು ಬಂದು ಮುತ್ತಿಕೊಂಡರೆ ನಮ್ಮ ಮೆಷಿನ್ನಿಗೆ ಉಸಿರಾಡಲೂ ಬಿಡುವಿರುವುದಿಲ್ಲ.